ಮನೆ ಕಟ್ಟುವ ಕೈಗಳಿಗೆ ನಮ್ಮ ಋಣ



ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೋಗುವಾಗ ಮಂಡಕಳ್ಳಿ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಹೊಸ ಕಟ್ಟಡಗಳು ಏಳುವುದನ್ನು ನೀವು ಕಂಡಿರಬಹುದು. ಸಾರವೆಯ ಮೇಲೆ ನಿಂತು ಮೇಸ್ತ್ರಿ ಗೋಡೆ ಕಟ್ಟುತ್ತಾನೆ. ಕೆಳಗೆ ತಾಯಿಯೊಬ್ಬಳು ಬಾಂಡ್ಲಿ ಹೊತ್ತು ನಡೆಯುತ್ತಾಳೆ. ಅವಳ ತಲೆಗಿರುವ ರಕ್ಷಣೆ ಬಟ್ಟೆಯ ಸಿಂಬಿ ಮಾತ್ರ. 10 ಮೀಟರ್ ಎತ್ತರದಿಂದ ಜಾರಿದ ಇಟ್ಟಿಗೆ ಒಂದೂವರೆ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. 'ಹುಷಾರು' ಎಂದು ಕೂಗುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ದಾರಿಹೋಕರೂ ಇದಕ್ಕೆ ಹೊರತಲ್ಲ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ, ಕಟ್ಟುತ್ತಿದ್ದ ಮೆಟ್ರೋ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿಯೂ ಅವಳ ಪುಟ್ಟ ಮಗನೂ ಸತ್ತರು.

ಇಂಥ ಸಾವು ಸಂಭವಿಸಿದಾಗ 'ಅವರ ಹಣೆಬರಹ' ಎಂದು ನಾವು ಸುಮ್ಮನಾಗುತ್ತೇವೆ. ಸಿಲೋವಾಮಿನ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗಲೂ ಜನ ಹಾಗೆಯೇ ಯೋಚಿಸಿದ್ದರು. ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂಬ ಮಾತನ್ನು ಪ್ರಭು ಯೇಸು ಒಪ್ಪಲಿಲ್ಲ. ಬದಲಿಗೆ, ಕೇಳುತ್ತಿದ್ದವರೇ ಮನ ತಿರುಗಿಸಬೇಕೆಂದರು (ಲೂಕ 13). ಹಾಗಾದರೆ ನಾವು ತಿರುಗಬೇಕಾದುದು ಯಾವುದರಿಂದ? ಅಸಡ್ಡೆಯಿಂದ. ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಹಾಕದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯ ಮೇಲೆಯೇ ಬರುತ್ತದೆಂದು ಧರ್ಮೋಪದೇಶಕಾಂಡ 22ನೇ ಅಧ್ಯಾಯ ಎಚ್ಚರಿಸುತ್ತದೆ. ಮೇಲಿನಿಂದ ಬೀಳುವ ಇಟ್ಟಿಗೆಗೂ ಇದೇ ನ್ಯಾಯವಲ್ಲವೇ?

ಮನೆ ಕಟ್ಟಿಸುತ್ತಿದ್ದೀರಾ? ಹೊಸ ಮನೆಯ ಆಶೀರ್ವಾದಕ್ಕೆ ಗುರುಗಳನ್ನು ಕರೆಯುವ ಮುನ್ನ, ಕೆಲಸದವರೆಲ್ಲರಿಗೂ ಹೆಲ್ಮೆಟ್ ಇದೆಯೇ, ಸಾರವೆಯ ಅಂಚಿಗೆ ಅಡ್ಡಹಲಗೆ ಇದೆಯೇ, ಕೆಳಗೆ ಬಲೆ ಕಟ್ಟಿದೆಯೇ ನೋಡಿ. ಮೇಲೆ ಕೆಲಸ ನಡೆಯುವಾಗ ಕೆಳಗೆ ಯಾರನ್ನೂ ಬಿಡಬೇಡಿ. ನೀವೇ ಕಾರ್ಮಿಕರಾಗಿದ್ದರೆ, ಸೆಕೆಯೆಂದು ಹೆಲ್ಮೆಟ್ ತೆಗೆದಿಡಬೇಡಿ. ಮನೆಯಲ್ಲಿ ಮಕ್ಕಳು ಕಾಯುತ್ತಿದ್ದಾರೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅಪಘಾತವಾದಾಗ ಆ ನೋಂದಣಿ ಕುಟುಂಬಕ್ಕೆ ಆಸರೆಯಾಗುತ್ತದೆ. ಓದು ಬಲ್ಲವರು ಅರ್ಜಿ ತುಂಬಿಕೊಟ್ಟರೆ ಅದೂ ಒಂದು ದಯಾಕಾರ್ಯವೇ.

1955ರಲ್ಲಿ ಜಗದ್ಗುರು ಹನ್ನೆರಡನೇ ಭಕ್ತಿನಾಥರು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವಾಗಿ ಸ್ಥಾಪಿಸಿದರು. ಬೆಳಿಗ್ಗೆ ಬುತ್ತಿ ಹಿಡಿದು ಹೊರಟ ಪ್ರತಿಯೊಬ್ಬರೂ ಸಂಜೆ ಸುಖವಾಗಿ ಮನೆ ಸೇರಲೆಂದು ಆ ಸಂತರ ಮೂಲಕ ಪ್ರಾರ್ಥಿಸೋಣ; ಸೇರುವಂತೆ ನಾವೂ ನೋಡಿಕೊಳ್ಳೋಣ.