ಬಾಯಿ ಕಟ್ಟುವ ಸೂಜಿ

ತೂಕ ಇಳಿಸುವ ಚುಚ್ಚುಮದ್ದಿನ ಮಾತು ಬಂದಲ್ಲೆಲ್ಲ ಈಚೆಗೆ ಒಂದು ತೀರ್ಪು ಕೇಳಿಬರುತ್ತದೆ: ‘ಬಾಯಿ ಕಟ್ಟೋಕಾಗದವರು ಸೂಜಿ ಚುಚ್ಚಿಸ್ಕೋತಾರೆ.’ ಹೇಳುವವರು ಕೆಟ್ಟವರೇನಲ್ಲ. ಬೆಳಿಗ್ಗೆ ಎದ್ದು ಕೆರೆ ಏರಿಯ ಮೇಲೆ ನಡೆಯುವವರು, ರಾತ್ರಿ ಅನ್ನ ಬಿಟ್ಟವರು, ಓದಿಕೊಂಡವರು. ನನ್ನ ತಂಗಿ ಆ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದಾಳೆ ಎಂದು ಗೊತ್ತಿದ್ದೂ ಅವಳೆದುರಿಗೇ ಹಾಗೆ ಹೇಳಿದವರಿದ್ದಾರೆ. ಮಾತಿನ ಒರಟುತನವನ್ನು ನುಂಗಿಕೊಳ್ಳಬಹುದು. ಅದರ ಅಡಿಯಲ್ಲಿರುವ ನಂಬಿಕೆ ಮಾತ್ರ ನನ್ನನ್ನು ಕೆರಳಿಸುತ್ತದೆ. ಹಸಿವನ್ನು ಗೆಲ್ಲುವುದು ಗುಣಕ್ಕೆ ಸಂಬಂಧಪಟ್ಟದ್ದು, ಔಷಧಿಯಿಂದ ಗೆದ್ದರೆ ಅದು ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಬರೆದ ಹಾಗೆ ಎಂಬ ನಂಬಿಕೆ. ಇದು ತಪ್ಪು ಎಂದು ತೋರಿಸಿಕೊಡುವುದೇ ನನ್ನ ಉದ್ದೇಶ.

ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಇನ್ಸುಲಿನ್ ಹೆಚ್ಚಿಸುತ್ತದೆ, ಹೊಟ್ಟೆ ಬೇಗ ಖಾಲಿಯಾಗದಂತೆ ನೋಡಿಕೊಳ್ಳುತ್ತದೆ, ‘ಇನ್ನು ಸಾಕು’ ಎಂದು ಮಿದುಳಿಗೆ ತಿಳಿಸುತ್ತದೆ. ಆದರೆ ರಕ್ತದಲ್ಲಿ ಅದು ಉಳಿಯುವುದು ಒಂದೆರಡು ನಿಮಿಷ. ಗಿಲಾ ಮಾನ್‌ಸ್ಟರ್ ಎಂಬ ಅಮೆರಿಕದ ಮರುಭೂಮಿಯ ವಿಷದ ಹಲ್ಲಿಯಲ್ಲಿ ಇದನ್ನೇ ಹೋಲುವ, ಇದಕ್ಕಿಂತ ಹೆಚ್ಚು ಹೊತ್ತು ಬಾಳುವ ವಸ್ತುವನ್ನು ಜಾನ್ ಎಂಗ್ ಎಂಬ ವೈದ್ಯ ವಿಜ್ಞಾನಿ 1990ರ ದಶಕದ ಆರಂಭದಲ್ಲಿ ಗುರುತಿಸಿದರು. ಅದರಿಂದ ಬಂದ ಔಷಧಿಗೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದೇ ಸಾಲಿಗೆ ಸೇರಿದ ಈಗಿನ ಸೆಮಾಗ್ಲುಟೈಡ್ ಅನ್ನು ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕು. 2021ರಲ್ಲಿ ಪ್ರಕಟವಾದ ಸ್ಟೆಪ್-1 ಪ್ರಯೋಗದಲ್ಲಿ ಎರಡು ಗುಂಪುಗಳಿದ್ದವು. ಎರಡಕ್ಕೂ ಕಡಿಮೆ ತಿನ್ನುವ, ಹೆಚ್ಚು ಓಡಾಡುವ ಸಲಹೆ ಒಂದೇ. 68 ವಾರಗಳ ಕೊನೆಗೆ ನಿಜವಾದ ಔಷಧಿ ಪಡೆದವರ ತೂಕ ಸರಾಸರಿ ಶೇ 14.9ರಷ್ಟು ಇಳಿದಿತ್ತು, ಹುಸಿ ಔಷಧಿ ಪಡೆದವರದು ಶೇ 2.4. ಮೊದಲ ಗುಂಪಿನಲ್ಲಿ ಗಟ್ಟಿ ಮನಸ್ಸಿನವರೂ ಎರಡನೆಯದರಲ್ಲಿ ಬಾಯಿಚಪಲದವರೂ ಸೇರಿದ್ದರು ಎಂದು ಯಾರೂ ಹೇಳಲಾರರು. ಯಾರು ಯಾವ ಗುಂಪಿಗೆ ಎನ್ನುವುದು ಚೀಟಿ ಎತ್ತಿದಂತೆ ನಿರ್ಧಾರವಾಗಿತ್ತು.

ಇಂಥ ಔಷಧಿ ಬಂದಾಗ ‘ವಿಜ್ಞಾನ ಎರಡಲುಗಿನ ಕತ್ತಿ’ ಎಂದು ಬರೆಯುವವರಿದ್ದಾರೆ. ಒಟ್ಟು ಸುಖದಿಂದ ಒಟ್ಟು ದುಃಖ ಕಳೆದು ಉತ್ತರ ಹೇಳುವ ಉಪಯುಕ್ತತಾವಾದಿಗಳಿದ್ದಾರೆ. ಮನುಷ್ಯ ತನ್ನ ದೇಹವನ್ನೇ ಮೀರಿಹೋಗುತ್ತಾನೆ ಎಂದು ಸಂಭ್ರಮಿಸುವವರೂ ಇದ್ದಾರೆ. ಅವರ ಜೊತೆ ವಾದಕ್ಕಿಳಿದರೆ ನನಗೆ ಹೊಸದೇನೂ ಸಿಗುವುದಿಲ್ಲ. ಬೆಳಗಿನ ನಡಿಗೆಯವರ ಮಾತನ್ನು ಅವರಿಗಿಂತ ಎಷ್ಟೋ ಪಾಲು ಆಳವಾಗಿ ನೂರು ವರ್ಷಕ್ಕೂ ಹಿಂದೆ ಹೇಳಿದವರು ಗಾಂಧಿ. ಜಗಳವಾಡುವುದಾದರೆ ಅವರ ಜೊತೆಗೇ ಆಡಬೇಕು.

1909ರ ನವೆಂಬರ್‌ನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವ ಹಡಗಿನಲ್ಲಿ ಕೂತು ಗಾಂಧಿ ‘ಹಿಂದ್ ಸ್ವರಾಜ್’ ಬರೆದರು. ವೈದ್ಯರ ಬಗ್ಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ, ಮತ್ತು ಅಲ್ಲಿ ಅವರು ಎತ್ತಿಕೊಳ್ಳುವ ಉದಾಹರಣೆ ಅತಿಯಾಗಿ ಉಣ್ಣುವುದು. ವಾದ ಹೀಗೆ ಸಾಗುತ್ತದೆ: ನಾನು ಮಿತಿಮೀರಿ ತಿಂದೆ, ಅಜೀರ್ಣವಾಯಿತು, ವೈದ್ಯ ಮಾತ್ರೆ ಕೊಟ್ಟ, ವಾಸಿಯಾಯಿತು. ಮತ್ತೆ ತಿಂದೆ, ಮತ್ತೆ ಮಾತ್ರೆ. ಮೊದಲ ಸಲವೇ ಮಾತ್ರೆ ಸಿಗದಿದ್ದರೆ ತಕ್ಕ ಶಿಕ್ಷೆ ಅನುಭವಿಸಿ ಎರಡನೆಯ ಸಲ ತಿನ್ನುತ್ತಿರಲಿಲ್ಲ. ವೈದ್ಯ ನನ್ನ ದೇಹಕ್ಕೆ ಉಪಕಾರ ಮಾಡಿ ಮನಸ್ಸನ್ನು ದುರ್ಬಲಗೊಳಿಸಿದ. ಸೆಮಾಗ್ಲುಟೈಡ್ ವಿರುದ್ಧ ಇಂದು ಹೇಳಬಹುದಾದ ಮಾತೆಲ್ಲ ಇದರೊಳಗೇ ಇದೆ.

ಈ ವಾದ ಬದುಕಿಗಿಳಿದರೆ ಹೇಗಿರುತ್ತದೆ ಎನ್ನುವುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಅಪ್ಪ ಹೈಸ್ಕೂಲು ಮೇಷ್ಟ್ರು. ನಲವತ್ತರ ಆಸುಪಾಸಿನಲ್ಲೇ ಸಕ್ಕರೆ ಕಾಯಿಲೆ ಬಂತು. ಅಮ್ಮ ಬೆಲ್ಲದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ನಡುರಾತ್ರಿ ಅಡುಗೆಮನೆಯಲ್ಲಿ ದೀಪ ಹಚ್ಚದೆ ತಡಕಾಡುತ್ತಿದ್ದ ಅಪ್ಪನನ್ನು ಅವಳು ಹಿಡಿದ ದಿನಗಳಿವೆ. ‘ಮೇಷ್ಟ್ರೇ, ಮಕ್ಕಳಿಗೆ ಶಿಸ್ತು ಕಲಿಸೋರು ನೀವು, ನಿಮ್ಮ ನಾಲಿಗೆಗೆ ಕಲಿಸೋಕಾಗಲ್ವೇ?’ ಎಂದು ಡಾಕ್ಟರು ಕೇಳಿದಾಗ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ. ನೋಡಲು ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: ‘ನಾನೇ ತಿಂದದ್ದು, ನಾನೇ ಅನುಭವಿಸ್ಬೇಕು.’ ಗಾಂಧಿ ಹೇಳಿದ ತಕ್ಕ ಶಿಕ್ಷೆಯನ್ನು ಅವರು ಪೂರ್ತಿ ಒಪ್ಪಿಕೊಂಡಿದ್ದರು. ಆದರೆ ಆ ಶಿಕ್ಷೆಯಿಂದ ಅವರಿಗೆ ತಮ್ಮ ಮೇಲೆ ಹತೋಟಿ ಬರಲಿಲ್ಲ. ಬಂದದ್ದು ನಾಚಿಕೆ. ನಾಚಿಕೆ ಹಸಿವನ್ನು ಕಡಿಮೆ ಮಾಡುವುದಿಲ್ಲ, ಕತ್ತಲೆಗೆ ದೂಡುತ್ತದೆ ಅಷ್ಟೆ.

ಗಾಂಧಿಯ ವಾದ ನಿಂತಿರುವುದು ತಿಂದವನೇ ಕಾಯಿಲೆ ಬೀಳುತ್ತಾನೆ ಎಂಬ ಲೆಕ್ಕದ ಮೇಲೆ. ಈ ಲೆಕ್ಕವನ್ನು ಅಲ್ಲಾಡಿಸುವ ಕಾಗದಗಳು ನಮ್ಮ ಮೈಸೂರಿನಲ್ಲೇ ಇದ್ದವು. ಊರವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಅವರನ್ನು ಮನೆಮನೆಗೆ ಹೋಗಿ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಎರಡೂವರೆ ಕಿಲೋಗಿಂತ ಹೆಚ್ಚಿಲ್ಲದೆ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದಯದ ಕಾಯಿಲೆ ಇತ್ತು. ತುಂಬು ತೂಕದ ಮಕ್ಕಳಾಗಿ ಹುಟ್ಟಿದವರಲ್ಲಿ ಅದು ಶೇ 3. ಸಕ್ಕರೆ ಕಾಯಿಲೆಯ ಚಿತ್ರ ಇಷ್ಟು ನೇರವಾಗಿರಲಿಲ್ಲ. ಅದು ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ ಹೆಚ್ಚಾಗಿತ್ತು. ಅದೇನೇ ಇರಲಿ, ಎರಡು ಕಡೆಯೂ ಬೀಜ ಬಿದ್ದದ್ದು ಮಗು ಮೊದಲ ತುತ್ತು ಉಣ್ಣುವುದಕ್ಕೂ ಮುಂಚೆ. ಅಪ್ಪ ಹುಟ್ಟಿದ್ದು ಹಳ್ಳಿಯ ಮನೆಯಲ್ಲಿ, ಅವರ ತೂಕವನ್ನು ಯಾರೂ ಬರೆದಿಡಲಿಲ್ಲ. ತಾನು ಬಸುರಿಯಾಗಿದ್ದ ವರ್ಷ ಮನೆಯಲ್ಲಿ ರಾಗಿ ಸಾಲುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅದಕ್ಕೂ ಅಪ್ಪನ ಕಾಲಿಗೂ ಗೆರೆ ಎಳೆಯಲು ನನ್ನಿಂದಾಗದು. ಆದರೆ ಹೊಟ್ಟೆಯಲ್ಲಿದ್ದಾಗಲೇ ಮಗುವಿನ ಮೈ ಹೀಗೆ ಗುರುತು ಹಾಕಿಸಿಕೊಳ್ಳುತ್ತದೆ ಎಂದ ಮೇಲೆ ‘ನಾನೇ ತಿಂದದ್ದು’ ಎಂಬ ಮಾತನ್ನು ಅಷ್ಟು ಖಚಿತವಾಗಿ ಯಾರೂ ಹೇಳಲಾಗದು, ಯಾರಿಂದಲೂ ಹೇಳಿಸಲೂಬಾರದು.

ಇಲ್ಲಿಗೇ ನಿಲ್ಲಿಸಿದ್ದರೆ ಗಾಂಧಿಯನ್ನು ಸೋಲಿಸಿದಂತಾಗುತ್ತಿತ್ತು. ಆದರೆ ಅವರು ಅಷ್ಟು ಸುಲಭಕ್ಕೆ ಬಿಡುವವರಲ್ಲ. 1924ರ ಜನವರಿಯಲ್ಲಿ ಯೆರವಡಾ ಜೈಲಿನಲ್ಲಿದ್ದಾಗ ಅವರಿಗೆ ಅಪೆಂಡಿಸೈಟಿಸ್ ಆಯಿತು. ಪುಣೆಯ ಸಾಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಎಂಬ ಇಂಗ್ಲಿಷ್ ಸರ್ಜನ್ ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ವಿದ್ಯುತ್ ಹೋಗಿ ಲಾಟೀನಿನ ಬೆಳಕಿನಲ್ಲಿ ಮುಗಿಸಬೇಕಾಯಿತು. ಆಸ್ಪತ್ರೆಗಳನ್ನು ಬೈದವರು ಈಗ ಆಸ್ಪತ್ರೆಯಲ್ಲೇ ಬದುಕಿದರಲ್ಲ ಎಂದು ಜನ ಕೇಳಿದರು. ಅದಕ್ಕೆ ಗಾಂಧಿ ಕೊಟ್ಟ ಉತ್ತರವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಕಾಯಿಲೆ ಬಂದದ್ದು ತನ್ನ ಮನಸ್ಸಿನ ದೌರ್ಬಲ್ಯದಿಂದ, ಶಸ್ತ್ರಚಿಕಿತ್ಸೆಗೆ ಒಪ್ಪಿದ್ದು ಇನ್ನೊಂದು ದೌರ್ಬಲ್ಯ, ತನಗೆ ಈ ದೇಹದಲ್ಲಿ ಬದುಕಿರುವ ಆಸೆ ಇತ್ತು ಎಂದು ಅವರು ಬರೆದರು. ಕರುಳಿನ ತುದಿಯ ಊತಕ್ಕೆ ಮನಸ್ಸನ್ನು ದೂರುವುದು ಅಪ್ಪ ತನ್ನನ್ನು ತಾನೇ ಹಳಿದುಕೊಂಡಷ್ಟೇ ಅನ್ಯಾಯ ಎಂದು ನನಗನಿಸುತ್ತದೆ. ಆದರೂ ಬದುಕುವ ಆಸೆಯನ್ನು ಇಷ್ಟು ಬಿಚ್ಚಿ ಹೇಳಿದ ಮನುಷ್ಯ ಕೇವಲ ಪಥ್ಯದ ಉಪದೇಶಿಯಲ್ಲ. ಮೈಮೇಲಿನ ಹತೋಟಿ ಯಾರ ಕೈಯಲ್ಲಿರಬೇಕು ಎನ್ನುವುದು ಅವರ ನಿಜವಾದ ಪ್ರಶ್ನೆ.

ಆ ಪ್ರಶ್ನೆ ನಮ್ಮ ಮನೆಗೆ ತಂಗಿಯ ಮೂಲಕ ಬಂತು. ‘ತಲೆಯೊಳಗೆ ಯಾರೋ ಸದಾ ತಿಂಡಿ ವಿಷಯ ಮಾತಾಡ್ತಿದ್ರು ಅಕ್ಕ, ಈಗ ಸುಮ್ಮನಾಗಿದ್ದಾರೆ’ ಎಂದಳು. ಅಪ್ಪನಿಗೂ ಆ ಮಾತು ಕೇಳಿಸುತ್ತಿತ್ತು ಎಂದು ಆಗ ನನಗೆ ಮೊದಲ ಬಾರಿಗೆ ಹೊಳೆಯಿತು. ಯುಗಾದಿಯಂದು ಅವಳೇ ಎಲ್ಲರಿಗೂ ಒಬ್ಬಟ್ಟು ಬೇಯಿಸಿದಳು, ತಾನು ಚೂರು ಮುರಿದು ಬಾಯಿಗೆ ಹಾಕಿಕೊಂಡು ತಟ್ಟೆ ಸರಿಸಿದಳು. ಎಂಥ ಸಂಯಮ ಎಂದು ನಾನು ಮೆಚ್ಚಿದರೆ, ‘ಬೇಡ ಅಂತ ಬಿಟ್ಟಿದ್ದಲ್ಲ, ಬೇಕು ಅಂತ ಅನ್ನಿಸ್ಲೇ ಇಲ್ಲ’ ಎಂದಳು.

ಈ ವ್ಯತ್ಯಾಸವನ್ನು ನಾನು ದಾಟಿಹೋಗಲಾರೆ. ಅಜ್ಜಿ ಏಕಾದಶಿಯ ದಿನ ಉಪವಾಸವಿದ್ದುಕೊಂಡೇ ನಮಗೆಲ್ಲ ಬಡಿಸುತ್ತಿದ್ದಳು. ಹಸಿವಿತ್ತು, ಅದಕ್ಕೇ ಅದು ಉಪವಾಸ. 1948ರ ಜನವರಿ 13ರಂದು ದೆಹಲಿಯಲ್ಲಿ ಗಾಂಧಿ ಕೋಮುಸೌಹಾರ್ದಕ್ಕಾಗಿ ಊಟ ಬಿಟ್ಟಾಗ ಆ ಮುದಿದೇಹ ಹಸಿಯುತ್ತಿದೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಹಸಿವೇ ಆಗದ ಮೈಯಲ್ಲಿ ಕೂತಿದ್ದರೆ ಯಾರ ಮನಸ್ಸು ಕರಗುತ್ತಿತ್ತು? ಹಸಿವನ್ನು ಅಳಿಸುವ ಔಷಧಿ ಹಸಿವನ್ನು ಒತ್ತೆಯಿಟ್ಟು ಮಾಡಬಹುದಾದ ಕೆಲಸಗಳನ್ನೂ ಅಳಿಸುತ್ತದೆ. ನಡಿಗೆಯವರ ಮಾತಿನಲ್ಲಿ ಇಷ್ಟು ಸತ್ಯವಿದೆ ಎಂದು ನಾನು ಒಪ್ಪಬೇಕು. ಹಾಗೆಂದು, ಯಾರೋ ಕೆಲವರು ವ್ರತ ಮಾಡಬಹುದು ಎನ್ನುವುದಕ್ಕಾಗಿ ಎಲ್ಲರ ಮೈಯಲ್ಲೂ ಸಂಕಟ ಉಳಿಯಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ಈ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಅವರಲ್ಲಿ ಎಷ್ಟು ಮಂದಿ ರಾತ್ರಿ ದೀಪ ಹಚ್ಚದೆ ಅಡುಗೆಮನೆಗೆ ಹೋಗುತ್ತಾರೋ.

ಪರಾಧೀನತೆಯ ಮಾತೂ ಇದೆ. ಔಷಧಿ ನಿಲ್ಲಿಸಿದವರನ್ನು ಸ್ಟೆಪ್-1ರ ಮುಂದುವರಿಕೆಯಲ್ಲಿ ಗಮನಿಸಿದಾಗ, ಇಳಿದ ತೂಕದ ಮೂರರಲ್ಲಿ ಎರಡು ಭಾಗ ವರ್ಷದೊಳಗೆ ಮರಳಿತ್ತು. ಅಂದರೆ ಬಹುಮಂದಿಗೆ ಇದು ಬದುಕಿಡೀ ಕೊಳ್ಳಬೇಕಾದ ಸರಕು. 2025ರ ಮಾರ್ಚ್‌ನಲ್ಲಿ ಇದೇ ಬಗೆಯ ಇನ್ನೊಂದು ಚುಚ್ಚುಮದ್ದು ಮೌಂಜಾರೊ ಭಾರತಕ್ಕೆ ಬಂದಾಗ ಒಂದು ವಾರದ ಅತಿ ಸಣ್ಣ ಪ್ರಮಾಣಕ್ಕೇ 3,500 ರೂಪಾಯಿ ಇತ್ತು. ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ ಇದ್ದುದರಿಂದ ಬೆಲೆ ಇಳಿಯುವ ದಾರಿ ತೆರೆಯಿತು. ಬದುಕಿಡೀ ಬೇಕಾದರೇನಂತೆ, ಇನ್ಸುಲಿನ್ ಕೂಡ ಹಾಗೇ ಅಲ್ಲವೇ ಎಂದು ನಾನು ಬಹಳ ಕಾಲ ವಾದಿಸುತ್ತಿದ್ದೆ. 1922ರಲ್ಲಿ ಟೊರಾಂಟೊದಲ್ಲಿ ಸಾವಿನ ಅಂಚಿನಲ್ಲಿದ್ದ ಹುಡುಗನೊಬ್ಬನಿಗೆ ಅದನ್ನು ಚುಚ್ಚಿದಾಗ ಅವನು ಪರಾಧೀನನಾದ ಎಂದು ಯಾರೂ ಮರುಗಲಿಲ್ಲ. ಈ ಹೋಲಿಕೆ ಪೂರ್ತಿ ಸರಿಯಿಲ್ಲ ಎಂದು ಈಗ ಕಾಣುತ್ತಿದೆ. ಇನ್ಸುಲಿನ್ ಮೈಯಲ್ಲಿ ಇಲ್ಲವಾದದ್ದನ್ನು ತುಂಬಿಕೊಡುತ್ತದೆ. ತಂಗಿಯ ಸೂಜಿ ತಡೆಯುತ್ತಿರುವ ಆಸೆಯಲ್ಲಿ ಒಂದು ಪಾಲನ್ನಾದರೂ ಹೊರಗಿನವರು ಬೆಳೆಸಿದ್ದಾರೆ: ಅವಳ ಕಚೇರಿಯ ಕೆಳಗಿನ ಬೇಕರಿ, ರಾತ್ರಿ ಹನ್ನೊಂದಕ್ಕೂ ಬಾಗಿಲಿಗೆ ಊಟ ತರುವ ಆ್ಯಪು, ದಿನಕ್ಕೆ ಹತ್ತು ಗಂಟೆ ಕುರ್ಚಿಯಿಂದ ಏಳಗೊಡದ ಕೆಲಸ. ಒಬ್ಬರು ಆಸೆ ಮಾರುತ್ತಾರೆ, ಇನ್ನೊಬ್ಬರು ಆಸೆ ತಗ್ಗಿಸುವುದನ್ನು ಮಾರುತ್ತಾರೆ. ಎರಡಕ್ಕೂ ದುಡ್ಡು ಹೋಗುವುದು ಅವಳ ಸಂಬಳದಿಂದ. ಕಾಯಿಲೆ ವಾಸಿಯಾಗುತ್ತ, ಕಾಯಿಲೆ ತರುವ ಬದುಕು ಹಾಗೇ ಮುಂದುವರಿಯುತ್ತದೆ ಎಂದು 1909ರಲ್ಲಿ ಹಡಗಿನ ಮೇಲೆ ಕೂತು ಬರೆದವರು ಈ ಒಂದು ಮಾತಿನಲ್ಲಿ ನನಗಿಂತ ದೂರ ನೋಡಿದ್ದರು. ಅದಕ್ಕೆ ಅವರು ಕೊಟ್ಟ ಪರಿಹಾರವನ್ನು ನಾನು ಒಪ್ಪಲಾರೆ. ಬೇಕರಿ ಮುಚ್ಚುವವರೆಗೆ ಯಾರ ಪಾದವೂ ಕೊಳೆಯುತ್ತ ಕೂರಬೇಕಾಗಿಲ್ಲ.

ತಂಗಿಯ ಮಗಳಿಗೆ ಈಗ ಹದಿನೈದು. ತೂಕ ಜಾಸ್ತಿಯಿದೆ, ಶಾಲೆಯಲ್ಲಿ ಆಡಿಕೊಳ್ಳುತ್ತಾರೆ, ನಮ್ಮ ಅಪ್ಪನ ಮನೆತನದ ಕಾಯಿಲೆ ಅವಳ ರಕ್ತದಲ್ಲೂ ಸುಳಿವು ಕೊಟ್ಟಿದೆ. ಅಮೆರಿಕದಲ್ಲಿ ಹನ್ನೆರಡು ದಾಟಿದ ಮಕ್ಕಳಿಗೂ ಸೆಮಾಗ್ಲುಟೈಡ್ ಕೊಡಲು ಅನುಮತಿಯಿದೆ. ‘ನನಗೂ ಕೊಡ್ಸು’ ಎಂದು ಅಮ್ಮನನ್ನು ಕೇಳಿದಳಂತೆ, ತಂಗಿ ನನ್ನನ್ನು ಕೇಳಿದಳು. ಇಷ್ಟುದ್ದ ವಾದಿಸಿದ್ದೆಲ್ಲ ಅಪ್ಪನ ಪರವಾಗಿ, ದಶಕಗಳ ಕಾಲ ತನ್ನ ಹಸಿವಿನ ಜೊತೆ ಗುದ್ದಾಡಿ ಸೋತ ಮನುಷ್ಯನ ಪರವಾಗಿ. ಈ ಹುಡುಗಿಯ ಗುದ್ದಾಟ ಇನ್ನೂ ಶುರುವಾಗಿಲ್ಲ. ತನಗೆ ಏನು ಬೇಕು, ಎಷ್ಟಕ್ಕೆ ಸಾಕು ಎನ್ನುವುದನ್ನು ಅವಳು ಸ್ವತಃ ಕಂಡುಕೊಳ್ಳುವ ಮೊದಲೇ ವಾರಕ್ಕೊಂದು ಸೂಜಿ ಅದನ್ನು ತೀರ್ಮಾನಿಸತೊಡಗಿದರೆ, ಮುಂದೆ ಅವಳ ಆಸೆಗಳಲ್ಲಿ ಅವಳದೆಷ್ಟು, ಔಷಧಿಯದೆಷ್ಟು ಎಂದು ಅವಳಿಗಾದರೂ ಗೊತ್ತಾದೀತೇ? ಕಾಯೋಣ ಎಂದು ತಂಗಿಗೆ ಹೇಳಬೇಕೆನಿಸುತ್ತದೆ. ಹಾಗೆ ಕಾದ ವರ್ಷಗಳಲ್ಲೇ ಅಪ್ಪನ ರಕ್ತನಾಳಗಳು ಕಟ್ಟಿಕೊಳ್ಳುತ್ತ ಬಂದವು ಎನ್ನುವುದೂ ನನಗೆ ಗೊತ್ತು. ಅವಳಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.