ಆರಿಸಿಕೊಂಡದ್ದಲ್ಲ, ಪಾಲಿಗೆ ಬಂದದ್ದು

ಅಪ್ಪಯ್ಯ ಅಂಬಾಸಿಡರ್ ಕಾರನ್ನು ಮೆಚ್ಚಿ ಕೊಂಡವರಲ್ಲ. ತೀರ್ಥಹಳ್ಳಿಯಂಥ ಊರಿನಲ್ಲಿ ಟ್ಯಾಕ್ಸಿ ಇಟ್ಟು ಬದುಕಬೇಕೆಂದು ಹೊರಟವರಿಗೆ 1970ರ ದಶಕದಲ್ಲಿ ಬೇರೆ ದಾರಿ ಇರಲಿಲ್ಲ. ಬೊಂಬಾಯಿಯಲ್ಲಿ ತಯಾರಾಗುವ ಫಿಯೆಟ್ ಇತ್ತು, ಆದರೆ ಮದುವೆ ದಿಬ್ಬಣದ ಹತ್ತು ಜನ ಅದರಲ್ಲಿ ಹಿಡಿಸುವುದಿಲ್ಲ. ಮದರಾಸಿನ ಸ್ಟ್ಯಾಂಡರ್ಡ್ ನಮ್ಮ ಕಡೆ ಕಾಣುತ್ತಿದ್ದುದೇ ಅಪರೂಪ. ಕೊಳ್ಳುವವನ ಮುಂದೆ ಹೆಚ್ಚುಕಡಿಮೆ ಈ ಮೂರೇ. ಹೊಸದಕ್ಕೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಶಿವಮೊಗ್ಗದ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಮಾರ್ಕ್ ಟೂ ಗಾಡಿಯೊಂದು ನಮ್ಮ ಅಂಗಳಕ್ಕೆ ಬಂತು.

ಅದೇ ಅಪ್ಪಯ್ಯ 1998ರಲ್ಲಿ ಆ ಕಾರನ್ನು ಕೊಟ್ಟ ಮೇಲೆ, ಅದು ನಿಲ್ಲುತ್ತಿದ್ದ ಮೂಲೆಯಲ್ಲಿ ಅಡಿಕೆ ಹರವಲು ಒಂದು ಕೊಯ್ಲು ಪೂರ್ತಿ ಬಿಡಲಿಲ್ಲ. ಜಾಗ ಸಾಲುವುದಿಲ್ಲ ಎಂದು ಅಮ್ಮ ಎಷ್ಟು ಹೇಳಿದರೂ "ಅಲ್ಲೊಂದು ಬೇಡ" ಎನ್ನುತ್ತಿದ್ದರು. ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ಖಾಲಿ ಮೂಲೆ ನನ್ನನ್ನು ಈಗಲೂ ಕಾಡುತ್ತದೆ. ಆರಿಸಿಕೊಳ್ಳುವ ಅವಕಾಶವೇ ಇಲ್ಲದೆ ಬಂದ ವಸ್ತುವಿನ ಮೇಲೆ ಅಷ್ಟು ಮಮತೆ ಹುಟ್ಟಿದ್ದು ಹೇಗೆ? ಅದು ಮಮತೆಯೋ, ಬೇರೆ ಗತಿಯಿಲ್ಲದವರು ಕಲಿತುಕೊಂಡ ಹೊಂದಾಣಿಕೆಯೋ? ಅಂಬಾಸಿಡರ್ ಬಗ್ಗೆ ಯಾರಾದರೂ ಕಣ್ಣು ತೇವ ಮಾಡಿಕೊಂಡು ಮಾತಾಡಿದಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ.

ದೇಶಕ್ಕೂ ಅದು ಒಂದು ರೀತಿಯಲ್ಲಿ ಪಾಲಿಗೆ ಬಂದದ್ದೇ. ಬಿರ್ಲಾ ಮನೆತನ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಶುರುಮಾಡಿದ ಹಿಂದುಸ್ತಾನ್ ಮೋಟರ್ಸ್, ಸ್ವಾತಂತ್ರ್ಯ ಬಂದ ಮರುವರ್ಷ ಬಂಗಾಳದ ಹೂಗ್ಲಿ ಜಿಲ್ಲೆಯ ಉತ್ತರಪಾರಕ್ಕೆ ಸರಿಯಿತು. ಅಲ್ಲಿ ತಯಾರಾದ ಹೆಚ್ಚಿನ ಕಾರುಗಳ ಮೂಲ ಇಂಗ್ಲೆಂಡಿನ ಮಾರಿಸ್ ಕಂಪನಿಯದು. ಮಾರಿಸ್ ಆಕ್ಸ್‌ಫರ್ಡ್ ಎರಡನೆಯ ಸರಣಿ ಇಲ್ಲಿ ಲ್ಯಾಂಡ್‌ಮಾಸ್ಟರ್ ಆಯಿತು, ಮೂರನೆಯ ಸರಣಿ 1950ರ ದಶಕದ ಕೊನೆಗೆ ಅಂಬಾಸಿಡರ್ ಆಯಿತು. ಇಂಗ್ಲೆಂಡಿನವರು ಕೆಲವೇ ವರ್ಷ ಮಾಡಿ ಕೈಬಿಟ್ಟ ಆ ಮೈಕಟ್ಟನ್ನು ನಾವು ಅರ್ಧ ಶತಮಾನಕ್ಕೂ ಮೀರಿ ಉಳಿಸಿಕೊಂಡೆವು. ಮಾರ್ಕ್ ಎರಡು, ಮೂರು, ನಾಲ್ಕು ಎಂದು ಹೆಸರು ಏರುತ್ತ ಹೋಯಿತು. ಕಣ್ಣಿಗೆ ಕಾಣುವಂತೆ ಬದಲಾದದ್ದು ಹೆಚ್ಚಾಗಿ ಮುಂದಿನ ಗ್ರಿಲ್ಲು.

ಆದರೂ ಆ ಮೈಕಟ್ಟು ನಮ್ಮ ರಸ್ತೆಗೆ ಹೇಳಿ ಮಾಡಿಸಿದಂತಿತ್ತು ಎಂಬುದನ್ನು ಮರೆಯುವಂತಿಲ್ಲ. ದಪ್ಪ ತಗಡು, ಹಿಂದೆ ಲಾರಿಗೆ ಇದ್ದಂಥ ಲೀಫ್ ಸ್ಪ್ರಿಂಗು, ಪೇಟ ಕಟ್ಟಿಕೊಂಡವರೂ ತಲೆ ಬಗ್ಗಿಸದೆ ಕೂರುವಷ್ಟು ಎತ್ತರದ ಮಾಡು. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ. ಅಲ್ಲಿ ಮೂವರು ಕೂತರೆ ಡ್ರೈವರು ಬಾಗಿಲಿಗೆ ಒತ್ತಿಕೊಂಡು ಅರ್ಧ ಸೀಟಿನಲ್ಲಿ ಓಡಿಸುತ್ತಿದ್ದರು. ಲೈಟು ಡಿಮ್ ಮಾಡುವ ಬಟನ್ನು ಎಡಗಾಲ ಬುಡದಲ್ಲಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ರಾತ್ರಿ ಇಳಿಯುವಾಗ ಅಪ್ಪಯ್ಯನ ಬಲಗೈ, ಎಡಗೈ, ಎರಡು ಕಾಲು ಎಲ್ಲವೂ ಬೇರೆಬೇರೆ ಕೆಲಸದಲ್ಲಿರುತ್ತಿದ್ದವು. ಹಿಂದೆ ಕೂತ ನನಗೆ ಅವರು ಮಗ್ಗದಲ್ಲಿ ನೇಯುವವರಂತೆ ಕಾಣುತ್ತಿದ್ದರು.

ಆ ಘಾಟಿ ಇಳಿದದ್ದು ಹೆಚ್ಚಾಗಿ ಮಣಿಪಾಲದ ಆಸ್ಪತ್ರೆಗೆ. ಮಳೆಗಾಲದ ನಡುರಾತ್ರಿ ಯಾರಾದರೂ ಟಾರ್ಚು ಹಿಡಿದು ಅಂಗಳಕ್ಕೆ ಬಂದರೆಂದರೆ ಹೆರಿಗೆ, ಹಾವು ಕಡಿತ, ಇಲ್ಲವೇ ಎದೆನೋವು. ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಅಮ್ಮ ಒಗೆದು ಮಡಿಸಿಟ್ಟ ಹಳೆಯ ಸೀರೆ ಎರಡು ಸದಾ ಇರುತ್ತಿದ್ದವು. ಸೋಮೇಶ್ವರ ತಲುಪುವ ಮೊದಲೇ ಹಿಂದಿನ ಸೀಟಿನಲ್ಲಿ ಹುಟ್ಟಿದ ಮಗುವೊಂದಕ್ಕೆ ಆ ಸೀರೆಯೇ ಮೊದಲ ಬಟ್ಟೆಯಾಯಿತು. ಬಾಡಿಗೆ? "ಅಡಿಕೆ ಮಾರಿದ ಮೇಲೆ ಕೊಡಿ" ಎನ್ನುವುದು ಅವರ ರೂಢಿ. ಕೊಟ್ಟವರು ಕೊಟ್ಟರು. ಮಗು ಹುಟ್ಟಿದ ಮನೆಯವರು ಇಂದಿಗೂ ಮಾವಿನಮಿಡಿ ಉಪ್ಪಿನಕಾಯಿ ತಪ್ಪದೆ ಕಳಿಸುತ್ತಾರೆ.

ಅಂಬಾಸಿಡರ್ ಇಟ್ಟವರನ್ನು ಎಲ್ಲಿ ಬೇಕಾದರೂ ಕೇಳಿ ನೋಡಿ, ಅವರ ಮಾತು ಕಾರಿನಿಂದ ಶುರುವಾಗಿ ತಮ್ಮ ಕೈಗೆ ಬಂದು ನಿಲ್ಲುತ್ತದೆ. ಬೇಸಿಗೆಯಲ್ಲಿ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಎಂಜಿನ್ನು ನಿಂತಾಗ ಪಂಪಿನ ಮೇಲೆ ಒದ್ದೆ ಗೋಣಿ ಹಾಕಿದ್ದು. ಬೆಂಕಿಪೊಟ್ಟಣದ ರಟ್ಟು ಸಿಕ್ಕಿಸಿ ಪಾಯಿಂಟಿನ ಸಂದಿ ಹಿಡಿದದ್ದು. ಬ್ಯಾಟರಿ ಇಳಿದ ಬೆಳಿಗ್ಗೆ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಿದ್ದು, ಆಗ ಹೆಬ್ಬೆರಳನ್ನು ಹೇಗೆ ಹಿಡಿಯಬೇಕೆಂದು ಯಾರೋ ಹಿರಿಯರು ಹೇಳಿಕೊಟ್ಟದ್ದು. ಹೆಬ್ಬೆರಳು ಸುತ್ತಿ ಹಿಡಿದರೆ ಎಂಜಿನ್ನು ಹಿಂದಕ್ಕೆ ಒದ್ದಾಗ ಮೂಳೆ ಮುರಿಯುತ್ತದೆ, ಬೆರಳುಗಳ ಜೊತೆಗೇ ಇಡಬೇಕು. ಅವರು ಹೇಳುವುದು ಕಾರಿನ ದೋಷದ ಕತೆಯಂತೆ ಕೇಳಿಸುತ್ತದೆ, ಧ್ವನಿಯಲ್ಲಿ ಮಾತ್ರ ದೂರು ಇರುವುದಿಲ್ಲ. ಬಾನೆಟ್ಟಿನೊಳಗೆ ಒಬ್ಬ ಮನುಷ್ಯ ಬಗ್ಗಿ ನಿಲ್ಲುವಷ್ಟು ಜಾಗವಿತ್ತು, ಅದರಲ್ಲಿ ಅವರು ನಿಂತಿದ್ದರು. ಮಮತೆ ಹುಟ್ಟಿದ್ದು ಅಲ್ಲಿಂದ ಎಂದು ನನಗೆ ಅನ್ನಿಸುತ್ತದೆ. ನಾವು ಕೈಯಿಟ್ಟು ದುಡಿದದ್ದು ನಮ್ಮದಾಗುತ್ತದೆ. ತೋಟವೂ ಹಾಗೆಯೇ, ಮನೆಯೂ ಹಾಗೆಯೇ. ನಾವಾಡುವ ಭಾಷೆಯನ್ನು ನಾವ್ಯಾರೂ ಹತ್ತು ಭಾಷೆ ತೂಗಿ ನೋಡಿ ಆರಿಸಿಕೊಂಡವರಲ್ಲ. ಹಾಗೆಂದು ಆ ಪ್ರೀತಿ ಸುಳ್ಳೆಂದು ಯಾರು ಹೇಳಿಯಾರು?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಲ್ಲೇ ಒಂದು ನೆನಪು ಅಡ್ಡ ಬರುತ್ತದೆ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ ಕಾರಿನ ಕೀಲಿ ಕೊಟ್ಟರು. 796 ಸಿಸಿಯ ಪುಟ್ಟ ಎಂಜಿನ್ನು, ಜಪಾನಿನ ಸುಜುಕಿಯವರ ತಂತ್ರ. ಅದು ನಮ್ಮ ಊರಿಗೆ ಬರಲು ಇನ್ನೂ ನಾಲ್ಕೈದು ವರ್ಷ ಹಿಡಿಯಿತು. ಅಪ್ಪಯ್ಯನ ಸ್ನೇಹಿತರೊಬ್ಬರು ಬಿಳಿಯ ಮಾರುತಿ ತಂದು, "ಒಂದು ಸುತ್ತು ಓಡಿಸಿ ನೋಡಿ ಮಾರಾಯ್ರೆ" ಎಂದರು. ಅಪ್ಪಯ್ಯ ತುಂಗಾ ಸೇತುವೆ ದಾಟಿ ಹೋಗಿ ತಿರುಗಿ ಬಂದರು. ನಾನು ಪಕ್ಕದಲ್ಲಿದ್ದೆ. ಕ್ಲಚ್ಚು ತುಳಿದಾಗ ಅವರ ಕಾಲು ಒಮ್ಮೆ ತಬ್ಬಿಬ್ಬಾದದ್ದು ನನಗೆ ಕಂಡಿತು, ಭಾರ ಇದೆಯೆಂದು ಎತ್ತಿದ ಕೊಡ ಖಾಲಿಯಿದ್ದರೆ ಕೈ ತಬ್ಬಿಬ್ಬಾಗುವಂತೆ. ಮನೆಗೆ ಬಂದು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಇಷ್ಟು ಹಗುರ ಇರ್ಬಹುದು ಅಂತ ನಮಗೆ ಯಾರೂ ಹೇಳ್ಲೇ ಇಲ್ಲವಲ್ಲ."

ಅಂಬಾಸಿಡರಿನ ಏಳುಬೀಳುಗಳ ಬಗ್ಗೆ ನಾನು ಓದಿದ ಯಾವ ಲೆಕ್ಕಾಚಾರವೂ ಆ ಒಂದು ಮಾತಿನಷ್ಟು ನನಗೆ ತಿಳಿಸಿಲ್ಲ. ಹಗುರವಾದ ಕ್ಲಚ್ಚು ಜಗತ್ತಿನಲ್ಲಿ ಅದಾಗಲೇ ಇತ್ತು. ಭಾರವಾದ ಕ್ಲಚ್ಚು ತುಳಿದು ನಮ್ಮವರಿಗೆ ಬಂದ ಮೊಣಕಾಲು ನೋವು ಅನಿವಾರ್ಯವಾಗಿರಲಿಲ್ಲ.

ತಪ್ಪನ್ನೆಲ್ಲ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಎಷ್ಟು ಕಾರು ಮಾಡಬೇಕು ಎಂಬುದಕ್ಕೆ ಪರವಾನಗಿ, ಹೊಸ ಮಾದರಿ ತರಲು ಪರವಾನಗಿ, ಯಂತ್ರ ತರಿಸಲು ವಿದೇಶಿ ವಿನಿಮಯಕ್ಕೆ ಕೈಚಾಚುವುದು, ನಡುವೆ ಕೆಲವು ವರ್ಷ ಕಾರಿನ ಬೆಲೆಯನ್ನೂ ಸರ್ಕಾರವೇ ನಿಗದಿ ಮಾಡಿದ್ದು, ಇವೆಲ್ಲ ಇದ್ದವು. ಕಾರೆಂದರೆ ಭೋಗವಸ್ತು ಎಂಬುದು ಆಗಿನ ತಿಳಿವಳಿಕೆ. ಆದರೆ ಆ ಬೇಲಿ ತಯಾರಕರನ್ನು ಕಟ್ಟಿಹಾಕಿದ್ದು ಮಾತ್ರವಲ್ಲ, ಕಾಯುತ್ತಲೂ ಇತ್ತು. ಬಾಗಿಲ ಮುಂದೆ ವರ್ಷಗಟ್ಟಲೆ ಸಾಲು ನಿಂತಿರುವಾಗ ಒಳಗಿದ್ದವರಿಗೆ ಆ ಸಾಲು ಮೆಚ್ಚುಗೆಯಂತೆ ಕಂಡಿರಬೇಕು. ನಿಂತವರಿಗೆ ಬೇರೆ ಬಾಗಿಲಿಲ್ಲ ಎಂಬುದು ಬೇರೆ ಬಾಗಿಲು ತೆರೆದ ದಿನವಷ್ಟೇ ತಿಳಿಯುವುದು. 1980ರ ದಶಕದ ನಡುವಿನಲ್ಲಿ ವರ್ಷಕ್ಕೆ ಸುಮಾರು 24,000 ಅಂಬಾಸಿಡರ್‌ಗಳು ಹೊರಬರುತ್ತಿದ್ದವು. ಕೊನೆಯ ಹಣಕಾಸು ವರ್ಷದಲ್ಲಿ ಮಾರಾಟವಾದದ್ದು ಸುಮಾರು 2,200.

ನಡುವೆ ಪ್ರಯತ್ನಗಳೇನೂ ಆಗಲಿಲ್ಲವೆಂದಲ್ಲ. ಡೀಸೆಲ್ ಎಂಜಿನ್ನು ಬಂತು, ಟ್ಯಾಕ್ಸಿಯವರ ಬದುಕಿಗೆ ಅದು ದೊಡ್ಡ ಆಸರೆಯಾಯಿತು. 90ರ ದಶಕದ ಆರಂಭದಲ್ಲಿ ಇಸುಜು ಎಂಜಿನ್ನು ಬಂತು, ಐದು ಗೇರು ಬಂತು. ಆ ಎಂಜಿನ್ನಿನ ಗಾಡಿ ಓಡಿಸಿದವರು ಅದರ ಎಳೆತವನ್ನು ಈಗಲೂ ಹೊಗಳುತ್ತಾರೆ. ಆದರೆ ಮುದಿ ಮೈಗೆ ಎಳೆಯ ಗುಂಡಿಗೆ. ಅಷ್ಟರಲ್ಲಿ ಮನೆಮಂದಿಯೆಲ್ಲ ಹಗುರವಾದ ಕಾರಿನ ರುಚಿ ನೋಡಿಯಾಗಿತ್ತು. ಉಳಿದವರು ಸರ್ಕಾರ ಮತ್ತು ಟ್ಯಾಕ್ಸಿಯವರು. ಜಿಲ್ಲಾಧಿಕಾರಿಯೆಂದರೆ ಬಿಳಿ ಅಂಬಾಸಿಡರ್, ಮಂತ್ರಿಯೆಂದರೆ ಬಿಳಿ ಅಂಬಾಸಿಡರ್, ಮೇಲೊಂದು ಕೆಂಪು ದೀಪ. ಆ ಬಿಳಿ ಬಣ್ಣಕ್ಕೆ ಎಷ್ಟು ಗೌರವವಿತ್ತೆಂದರೆ, 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಮಾಡಿದವರೂ ಗೃಹ ಸಚಿವಾಲಯದ ನಕಲಿ ಚೀಟಿ ಅಂಟಿಸಿದ ಬಿಳಿ ಅಂಬಾಸಿಡರಿನಲ್ಲೇ ಒಳಗೆ ಬಂದರು. ನಂತರದ ವರ್ಷಗಳಲ್ಲಿ ಪ್ರಧಾನಿಯ ಓಡಾಟ ಗುಂಡು ತಡೆಯುವ ವಿದೇಶಿ ಕಾರಿಗೆ ಬದಲಾಯಿತು. 2010ರ ಏಪ್ರಿಲಿನಿಂದ ಬೆಂಗಳೂರೂ ಸೇರಿ 13 ನಗರಗಳಲ್ಲಿ ಹೊಗೆಯ ಹೊಸ ಕಟ್ಟಳೆ ಜಾರಿಗೆ ಬಂದಾಗ ಅಂಬಾಸಿಡರ್ ಅದಕ್ಕೆ ಸಜ್ಜಾಗಿರಲಿಲ್ಲ. ದೊಡ್ಡ ಊರುಗಳ ಬಾಗಿಲೇ ಮುಚ್ಚಿದಂತಾಯಿತು. 2013ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಕಾರ್ಯಕ್ರಮ ಅದನ್ನು ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಎಂದು ಸಾರಿತು. 2014ರ ಮೇ 24ರಂದು ಉತ್ತರಪಾರದ ಕಾರ್ಖಾನೆಯ ಗೇಟಿಗೆ ಕೆಲಸ ನಿಲ್ಲಿಸಿದ ನೋಟೀಸು ಅಂಟಿತು. ಎರಡೂವರೆ ಸಾವಿರದಷ್ಟು ಕಾರ್ಮಿಕರು ಹೊರಗೆ ನಿಂತರು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರು ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಾಟವಾಯಿತು.

ಆ 80 ಕೋಟಿಯ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಕಾರಿಲ್ಲ, ಅಚ್ಚಿಲ್ಲ, ಬರೀ ಹೆಸರು. ಆ ಹೆಸರಿಗೆ ಬೆಲೆ ಬಂದದ್ದು ಎಲ್ಲಿಂದ? ಒದ್ದೆ ಗೋಣಿ ಹಾಕಿದವರಿಂದ, ಹೆಬ್ಬೆರಳು ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟವರಿಂದ, ಉತ್ತರಪಾರದಲ್ಲಿ ತಗಡು ಬಡಿದವರಿಂದ, ಡಿಕ್ಕಿಯಲ್ಲಿ ಸೀರೆ ಮಡಿಸಿಟ್ಟ ಅಮ್ಮನಂಥವರಿಂದ. ಅಪ್ಪಯ್ಯನ ಪ್ರೀತಿ ನಿಜ. ಆರಿಸಿಕೊಳ್ಳದೆಯೂ ಅದು ನಿಜ. ಆದರೆ ಆ ಪ್ರೀತಿಯನ್ನು ತಮ್ಮ ಸಾಧನೆಯೆಂದು ತೋರಿಸುವ ಹಕ್ಕು ಕಾರು ಮಾಡಿಕೊಟ್ಟವರಿಗೆ ಇಲ್ಲ. ಸೊಸೆ ಹೊಂದಿಕೊಂಡಳು ಎಂಬುದು ಸೊಸೆಯ ಗುಣ, ಅತ್ತೆಮನೆಯ ಹಿರಿಮೆಯಲ್ಲ. ನಮ್ಮಲ್ಲಿ ಈ ಎರಡನ್ನೂ ಬೆರೆಸಿಬಿಡುವ ಅಭ್ಯಾಸ ಬಹಳ ಹಳೆಯದು, ಕಾರಿಗಿಂತ ಎಷ್ಟೋ ಹಳೆಯದು. ಸಹಿಸಿದವರನ್ನು ಕೊಂಡಾಡುತ್ತೇವೆ, ಅವರು ಸಹಿಸಬೇಕಾಗಿತ್ತೇ ಎಂದು ಮಾತ್ರ ಕೇಳುವುದಿಲ್ಲ. ಅಂಬಾಸಿಡರಿನ ನೆನಪಿಗೆ ಹೂ ಹಾಕುವಾಗ ನನ್ನ ಕೈ ತಡೆಯುವುದು ಇದಕ್ಕೇ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಈಗಿನ ನನ್ನ ಕಾರನ್ನು ನಾನು ಎಂಟು ಹತ್ತು ಕಾರುಗಳನ್ನು ತೂಗಿ ನೋಡಿ ಆರಿಸಿದೆ. ಬೆಲ್ಟಿದೆ, ಗಾಳಿಚೀಲವಿದೆ, ಮಳೆಯಲ್ಲಿ ಬ್ರೇಕು ತುಳಿದರೆ ಜಾರದೆ ನಿಲ್ಲುತ್ತದೆ. ಆಗುಂಬೆಯನ್ನು ನನ್ನ ಮಕ್ಕಳು ನಿದ್ದೆಯಲ್ಲೇ ಇಳಿಯುತ್ತಾರೆ. ಅದಕ್ಕಾಗಿ ನಾನು ಕೃತಜ್ಞ. ಆದರೆ ಆರು ವರ್ಷದಲ್ಲಿ ಅದರ ಬಾನೆಟ್ಟು ನಾನು ಎತ್ತಿದ್ದು ವೈಪರಿಗೆ ನೀರು ತುಂಬಲು ಮಾತ್ರ. ಎತ್ತಿದರೂ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. ನಾಳೆ ಇದನ್ನು ಕೊಟ್ಟರೆ ಅದು ನಿಲ್ಲುತ್ತಿದ್ದ ಜಾಗದಲ್ಲಿ ಅದೇ ಸಂಜೆ ಅಡಿಕೆ ಹರವಬಲ್ಲೆ. ಆಯ್ಕೆ ನನಗೆ ಒಳ್ಳೆಯ ಕಾರು ಕೊಟ್ಟಿತು, ನನ್ನ ಕೈಗೆ ಕೆಲಸ ಕೊಡಲಿಲ್ಲ. ಎರಡೂ ಒಟ್ಟಿಗೆ ಸಿಗುವ ಕಾರು ಸಾಧ್ಯವಿಲ್ಲವೆಂದು ನಾನು ನಂಬುವುದಿಲ್ಲ. ಹಗುರವಾಗಿರಲಿ, ಜೊತೆಗೆ ತೆರೆದರೆ ತಿಳಿಯುವಂತೆಯೂ ಇರಲಿ ಎಂದು ಕೇಳುವುದು ದುರಾಸೆಯಲ್ಲ.

ಉತ್ತರಪಾರದ ಬಳಿಯ ರೈಲು ನಿಲ್ದಾಣಕ್ಕೆ ಹಿಂದ್‌ಮೋಟರ್ ಎಂದೇ ಹೆಸರು. ಕಾರ್ಖಾನೆ ನಿಂತರೂ ಹೌರಾದಿಂದ ಬರುವ ಲೋಕಲ್ ರೈಲು ಅಲ್ಲಿ ನಿಲ್ಲುತ್ತದೆ. ಕೋಲ್ಕತ್ತದ ಹಳದಿ ಟ್ಯಾಕ್ಸಿಗಳು 15 ವರ್ಷದ ಮಿತಿ ಮುಟ್ಟಿದಂತೆ ಒಂದೊಂದಾಗಿ ರಸ್ತೆಯಿಂದ ಸರಿಯುತ್ತಿವೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಂಗಳದಲ್ಲಿ ಅಡಿಕೆ ಹರವಬೇಕಿತ್ತು, ನನ್ನ ಕಾರು ಅಡ್ಡ ನಿಂತಿತ್ತು. ನಾನು ಸ್ನಾನಕ್ಕೆ ಹೋಗಿದ್ದೆ. "ಕೀಲಿ ಕೊಡು, ನಾನೇ ತೆಗೀತೀನಿ" ಎಂದು ಅಪ್ಪಯ್ಯ ಮೊಮ್ಮಗನ ಕೈಯಿಂದ ಕೀಲಿ ಇಸಿದುಕೊಂಡರಂತೆ. ನಾನು ಹೊರಗೆ ಬರುವಷ್ಟರಲ್ಲಿ ಸ್ಟಾರ್ಟ್ ಮಾಡಿ ಕ್ಲಚ್ಚು ತುಳಿದಿದ್ದರು. ಅವರ ಎಡಗೈ ತಾನಾಗಿ ಮೇಲಕ್ಕೆ ಹೋಯಿತು, ಸ್ಟೇರಿಂಗಿನ ಪಕ್ಕಕ್ಕೆ, ಗೇರು ಇರುತ್ತಿದ್ದ ಜಾಗಕ್ಕೆ. ಅಲ್ಲಿದ್ದ ಕಡ್ಡಿಯನ್ನು ಕೆಳಗೆ ಎಳೆದರು. ಕಡು ಬಿಸಿಲಿನಲ್ಲಿ ಒಣಗಿದ ಗಾಜಿನ ಮೇಲೆ ವೈಪರು ಓಡಲು ಶುರುವಾಯಿತು. ಅಪ್ಪಯ್ಯ ಅದನ್ನು ನಿಲ್ಲಿಸಲಿಲ್ಲ. ಕೈಯನ್ನು ಅಲ್ಲೇ ಇಟ್ಟುಕೊಂಡು, ಅದು ಅತ್ತ ಇತ್ತ ಹೋಗುವುದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರು.