ಮಿಸ್ಟರ್ ಎಕ್ಸ್ ಮತ್ತು ನಮ್ಮೆಲ್ಲರ ಬಾಯಿ

1945ರ ಡಿಸೆಂಬರ್‌ನಲ್ಲಿ ತಮ್ಮ ನೊಬೆಲ್ ಭಾಷಣದ ಕೊನೆಗೆ, ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಪುಟ್ಟ ಕಥೆ ಹೇಳಿದರು. ಮಿಸ್ಟರ್ ಎಕ್ಸ್ ಅನ್ನೋರಿಗೆ ಗಂಟಲುನೋವು. ತಾವೇ ಪೆನಿಸಿಲಿನ್ ಕೊಂಡು ತಗೋತಾರೆ, ಆದರೆ ಸಾಕಾಗುವಷ್ಟಲ್ಲ. ಬ್ಯಾಕ್ಟೀರಿಯಾ ಸಾಯುವ ಬದಲು ಔಷಧಿಯನ್ನು ತಡೆದುಕೊಳ್ಳೋದನ್ನ ಕಲಿಯುತ್ತೆ. ಅದು ಹೆಂಡತಿಗೆ ಅಂಟುತ್ತೆ, ಆಕೆಗೆ ನ್ಯುಮೋನಿಯಾ ಆಗುತ್ತೆ, ಪೆನಿಸಿಲಿನ್ ನಾಟುವುದಿಲ್ಲ, ಆಕೆ ತೀರಿಹೋಗ್ತಾರೆ. ಈ ಸಾವಿಗೆ ಯಾರು ಹೊಣೆ? ಫ್ಲೆಮಿಂಗ್ ನೇರವಾಗಿ ಗಂಡನತ್ತ ಬೊಟ್ಟು ಮಾಡಿದರು.

ನನಗೆ ಈ ಕಥೆ ಇಷ್ಟ. ಆದರೆ ಇದು ಸ್ವಲ್ಪ ಅತಿಯಾಗೇ ಅಚ್ಚುಕಟ್ಟಾಗಿದೆ. ಒಬ್ಬ ತಪ್ಪಿತಸ್ಥ, ಒಬ್ಬಳು ಬಲಿ, ಇಬ್ಬರೂ ಒಂದೇ ಮನೆಯಲ್ಲಿ. ನಿಜದಲ್ಲಿ ಹೀಗೆ ಜಾಡು ಸಿಗಲ್ಲ. ಯಾಕೆ ಅಂತ ತಿಳಿಯೋಕೆ ಬಾಯೊಳಗೆ ಇಣುಕಬೇಕು.

ಮನುಷ್ಯರ ಬಾಯಲ್ಲಿ ಈವರೆಗೆ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳು ಸಿಕ್ಕಿವೆ. ಬಹುಪಾಲು ನಿರುಪದ್ರವಿಗಳು. ಹಲ್ಲಿನ ಮೇಲಿನ ಪಾಚಿಯಲ್ಲಿ ಒತ್ತೊತ್ತಾಗಿ ಬದುಕುತ್ತಾ, ಅಕ್ಕಪಕ್ಕದ ಮನೆಯವರು ಸಕ್ಕರೆ ಕಾಫಿಪುಡಿ ಕೈಬದಲಿಸಿಕೊಂಡ ಹಾಗೆ ಜೀನ್‌ಗಳನ್ನು ಕೈಬದಲಿಸಿಕೊಳ್ಳುತ್ತವೆ. ಔಷಧಿಯನ್ನು ಎದುರಿಸುವ ಜೀನ್‌ಗಳೂ ಅದರಲ್ಲಿ ಸೇರಿವೆ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಪೆನಿಸಿಲಿನ್‌ಗೆ ಬಗ್ಗದಂತಾಗಿದ್ದರಲ್ಲಿ, ಬಾಯಲ್ಲಿ ತಣ್ಣಗೆ ಬದುಕುವ ಅದರ ಸಾಧು ದಾಯಾದಿಗಳಿಂದ ಎರವಲು ಬಂದ ಜೀನ್ ತುಣುಕುಗಳ ಪಾತ್ರ ದೊಡ್ಡದು.

ಹಾಗಾದ್ರೆ ಈ ಜೀನ್‌ಗಳನ್ನು ನಾವೇ ಹುಟ್ಟಿಸಿದ್ವಾ? ಇಲ್ಲ. ಜರ್ಮನಿಯ ಡಾಲ್‌ಹೈಮ್‌ನ ಮಠವೊಂದರಲ್ಲಿ ಸಿಕ್ಕ, ಸುಮಾರು ಸಾವಿರ ವರ್ಷ ಹಿಂದಿನ ಅಸ್ಥಿಪಂಜರಗಳ ಹಲ್ಲಿನ ಮೇಲೆ ಗಟ್ಟಿಕಟ್ಟಿದ ಪಾಚಿಯಲ್ಲೂ ಇಂಥ ಜೀನ್‌ಗಳನ್ನು ಹೋಲುವ ಜೀನ್‌ಗಳಿದ್ದವು. 2014ರಲ್ಲಿ ಇದು ಪ್ರಕಟವಾಯಿತು. ಬೀಜ ಹಳೆಯದು. ಯಾವ ಬೀಜಕ್ಕೆ ಗೊಬ್ಬರ ಹಾಕ್ತೀವಿ ಅನ್ನೋದಷ್ಟೇ ನಮ್ಮ ಕೈಲಿರೋದು.

ಆ ಗೊಬ್ಬರದ ಅಳತೆಯೂ ಸಿಕ್ಕಿದೆ. 2007ರಲ್ಲಿ ಪ್ರಕಟವಾದ ಬೆಲ್ಜಿಯಂನ ಅಧ್ಯಯನವೊಂದರಲ್ಲಿ ಆರೋಗ್ಯವಂತರಿಗೆ ಮೂರು ದಿನ ಅಜಿತ್ರೋಮೈಸಿನ್ ಕೊಟ್ಟರು. ಅವರ ಬಾಯಿ-ಗಂಟಲಿನ ಸ್ಟ್ರೆಪ್ಟೊಕಾಕಸ್‌ಗಳಲ್ಲಿ ಆ ಔಷಧಿಗೆ ಬಗ್ಗದವುಗಳ ಪಾಲು ಏರಿತು. ಆರು ತಿಂಗಳಾದರೂ ಪೂರ್ತಿ ಇಳಿದಿರಲಿಲ್ಲ.

ಮೂರು ದಿನದ ಮಾತ್ರೆ, ಆರು ತಿಂಗಳ ಬಾಕಿ. ಈ ಆರು ತಿಂಗಳೂ ನಮಗೆ ಏನೂ ಅನಿಸಲ್ಲ. ಊಟ ಮಾಡ್ತೀವಿ, ಮಗುವಿಗೆ ಮುತ್ತು ಕೊಡ್ತೀವಿ, ಮೀಟಿಂಗ್‌ನಲ್ಲಿ ಕೆಮ್ಮುತ್ತೀವಿ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಅಂದಾಜಿದೆ. ಅದರಲ್ಲಿ ನನ್ನ ಪಾಲೆಷ್ಟು ಅಂತ ಯಾವ ಲ್ಯಾಬೂ ಹೇಳಲಾರದು. ಹಾಗಂತ ಪಾಲೇ ಇಲ್ಲ ಅನ್ನೋಕಾಗುತ್ತಾ? ಗೋಮಾಳಕ್ಕೆ ಒಂದು ಹಸು ಹೆಚ್ಚು ಬಿಟ್ಟವನೂ ಇದನ್ನೇ ಹೇಳ್ತಾನೆ. ಅಲ್ಲಿ ನೆಲ ಬೋಳಾಗೋದು ಕಣ್ಣಿಗಾದರೂ ಕಾಣುತ್ತೆ.

ನಮ್ಮಲ್ಲಿ ಎಂಜಲು ಅನ್ನೋ ಮಾತಿದೆ. ಅದರ ಹೆಸರಲ್ಲಿ ನಡೆದ ಜಾತಿಯ ಕ್ರೌರ್ಯವನ್ನು ಮರೆಯುವ ಹಾಗಿಲ್ಲ. ಆ ಕ್ರೌರ್ಯದ ಬುಡದಲ್ಲಿರೋದು ಸದಾ ಬೇರೆಯವರ ಬಾಯಿಯ ಬಗ್ಗೆಯೇ ಇದ್ದ ಅನುಮಾನ. ಅದನ್ನು ಒಮ್ಮೆ ತಿರುಗಿಸಿ ನೋಡಿದರೆ? ನನ್ನ ಬಾಯಿ ನನ್ನಲ್ಲೇ ಮುಗಿಯಲ್ಲ, ಅದರಲ್ಲಿ ನಾನು ಬೆಳೆಸಿದ್ದು ಇನ್ನೊಬ್ಬರ ಆಸ್ಪತ್ರೆ ಹಾಸಿಗೆ ತನಕ ಹೋಗಬಹುದು ಅಂತ.

ಹೊಣೆ ಎಲ್ಲರಿಗೂ ಒಂದೇ ತೂಕದ್ದಲ್ಲ. ಡಾಕ್ಟರ್ ಫೀಸಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತೆ ಅಂತ ಮೆಡಿಕಲ್ ಶಾಪ್‌ನಲ್ಲೇ ಎರಡು ಮಾತ್ರೆ ಬಿಡಿಯಾಗಿ ಕೊಳ್ಳೋರಿಗೆ ನಾನು ಪಾಠ ಹೇಳಲಾರೆ. ಆದರೆ ಕಂಪನಿ ಕೊಟ್ಟ ಇನ್ಶೂರೆನ್ಸ್, ಆಫೀಸಿನ ಹತ್ತಿರವೇ ಡೆಂಟಿಸ್ಟ್ ಇರೋ ನಮಗೆ? ಶುಕ್ರವಾರ ರಿಲೀಸ್ ಇದೆ ಅಂತ ನೆಗಡಿಗೊಂದು ಆಂಟಿಬಯೋಟಿಕ್ ಸ್ಟ್ರಿಪ್. ನೆಗಡಿ ತರೋದು ವೈರಸ್, ಅದಕ್ಕೆ ಆ ಮಾತ್ರೆ ನಾಟೋದೇ ಇಲ್ಲ. ಹಲ್ಲುನೋವಿಗೂ ಹೆಚ್ಚಿನ ಸಲ ಬೇಕಿರೋದು ಹಲ್ಲಿನ ಚಿಕಿತ್ಸೆ. ಆಯ್ಕೆ ಜಾಸ್ತಿ ಇದ್ದವರ ಹೊಣೆಯೂ ಜಾಸ್ತಿ ಅಂತ ನನ್ನ ಲೆಕ್ಕ.

ಬೇಕಾದಾಗ ಬೇಡ ಅಂತಲ್ಲ. ಡಾಕ್ಟರ್ ನೋಡಿ ಬರೆದುಕೊಟ್ಟರೆ, ಹೇಳಿದ ಹಾಗೆ ತಗೊಳ್ಳಲೇಬೇಕು. ಬರೆಯುವಾಗ "ಡಾಕ್ಟ್ರೇ, ಇದು ಬೇಕೇ ಬೇಕಾ?" ಅಂತ ಒಂದು ಮಾತು ಕೇಳಬಹುದು. ಮಿಸ್ಟರ್ ಎಕ್ಸ್‌ಗೆ ಕೊನೇಪಕ್ಷ ತನ್ನಿಂದ ಸತ್ತವರು ಯಾರು ಅಂತ ಗೊತ್ತಿತ್ತು. ನಮಗೆ ಅದೂ ಗೊತ್ತಾಗಲ್ಲ, ಅದಕ್ಕೇ ಆ ಪ್ರಶ್ನೆಯನ್ನು ಮೊದಲೇ ಕೇಳಬೇಕು.